ಮುತ್ತಜ್ಜನ ಬಂದೂಕು, ಅತ್ತೆಯ ಊದುಗೊಳವೆ

ಖಂಡೇನವಮಿಯ, ಅಂದರೆ ಆಯುಧಪೂಜೆಯ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಬೈಲಹೊಂಗಲದ ನಮ್ಮ ಓಣಿಗೆ ಕರೆಂಟು ಬಂತು. ಬೇರೆಯವರ ಮನೆಯಲ್ಲಿ ಫ್ಯಾನು ತಿರುಗಿತು, ಮಿಕ್ಸರ್ ತಿರುಗಿತು. ನನ್ನ ಸೋದರಮಾವನ ಮನೆಯಲ್ಲಿ ತಿರುಗಿದ್ದೇ ಬೇರೆ. ಅದನ್ನು ಹೇಳುವ ಮೊದಲು ಆ ಮನುಷ್ಯನ ಬಗ್ಗೆ ಹೇಳಬೇಕು. ಒಂದು ಊದುಗೊಳವೆಯ ಮಾನ ಕಾಪಾಡಲು ವರ್ಷಗಟ್ಟಲೆ ಕಬ್ಬಿಣದೊಡನೆ ಗುದ್ದಾಡಿದವನು ಈ ಭೂಮಿಯ ಮೇಲೆ ಇನ್ನೊಬ್ಬನಿದ್ದರೆ ದಯವಿಟ್ಟು ತಿಳಿಸಿ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ, ಹೊರಗಿನಿಂದ ಚಿಲಕ ಹಾಕಿ, ಫ್ಯೂಜು ತೆಗೆದಿಡೋಣ.

ಮಾವ ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ಯಂತ್ರ ರಿಪೇರಿ ಮಾಡಿಕೊಂಡಿದ್ದು ನಿವೃತ್ತನಾದವನು. ಮಕ್ಕಳಿಲ್ಲ. ಅವರ ಮನೆಯಲ್ಲೇ ಇದ್ದು ಕಾಲೇಜು ಓದಿದ ನಾನು ಈಗಲೂ ಅಲ್ಲೇ ಇದ್ದೇನೆ. ಆ ಮನೆಯ ಹಿತ್ತಲಲ್ಲಿ ಸ್ನಾನದ ನೀರು ಕಾಯಿಸುವ ಒಲೆ, ಒಲೆಯ ಪಕ್ಕದಲ್ಲಿ ತೋಳುದ್ದದ ಒಂದು ಕಬ್ಬಿಣದ ಊದುಗೊಳವೆ. ಅಜ್ಜಿ ಅದರಿಂದ ಊದಿದಳು, ಅಜ್ಜಿಯ ನಂತರ ಅತ್ತೆ ಊದಿದಳು. ಎರಡು ತಲೆಮಾರಿನ ಮಸಿ ಅದರ ಮೇಲಿತ್ತು. ಒಮ್ಮೆ ಕಿತ್ತೂರಿನಿಂದ ಊಟಕ್ಕೆ ಬಂದಿದ್ದ ನಿವೃತ್ತ ಇತಿಹಾಸದ ಮಾಸ್ತರರು ಕೈ ತೊಳೆಯಲು ಹಿತ್ತಲಿಗೆ ಹೋದವರು ಅದನ್ನು ಎತ್ತಿಕೊಂಡು, ಮಸಿ ಕೆರೆದು, ಬಿಸಿಲಿಗೆ ಹಿಡಿದು ನೋಡಿದರು.

"ಯಜಮಾನ್ರ, ಇದು ಊದುಗೊಳವಿ ಅಲ್ರಿ. ಬಂದೂಕಿನ ನಳಿ. ಕಬ್ಬಿಣದ ಪಟ್ಟಿ ಸುತ್ತಿ, ಕಾಸಿ ಬಡದು ಮಾಡ್ಯಾರ. ನಿಮ್ಮ ಮುತ್ತಜ್ಜನ ಕೈಕೆಲಸ ಇರಬೇಕ್ರಿ."

ಮಾಸ್ತರರು ಊಟ ಮಾಡಿ ಬಸ್ಸು ಹತ್ತಿದರು. ಅವರ ಮಾತು ಮಾತ್ರ ನಮ್ಮ ಮನೆಯಲ್ಲೇ ಇಳಿದುಕೊಂಡಿತು.

"ಯಾರ್ ಮಾಡಿದ್ರೇನ್ರಿ, ನೀರ್ ಕಾಯಬೇಕಲ್ಲ," ಎಂದಳು ಅತ್ತೆ.

ಆ ವರ್ಷದ ಖಂಡೇನವಮಿಗೆ ಕುಡುಗೋಲು, ನಟ್ಟು ಬಿಚ್ಚುವ ಪಾನಾ, ಈಳಿಗೆಗಳ ನಡುವೆ ಆ ಕೊಳವೆಯೂ ಮಣೆ ಏರಿತು. ಮಾವ ಅದಕ್ಕೆ ವಿಭೂತಿ ಹಚ್ಚಿದ, ಕೈಮುಗಿದ. ಮರುದಿನ ಬೆಳಗಾಗುತ್ತಲೇ ಅತ್ತೆ ವಿಭೂತಿ ಒರೆಸಿ ಒಲೆ ಊದಿದಳು. ಮುತ್ತಜ್ಜನ ಕಪಾಳಕ್ಕೇ ಯಾರೋ ಹೊಡೆದಂತೆ ಮಾವ ಅಂಗಳದಲ್ಲಿ ನಿಂತಿದ್ದ. ಅವತ್ತೇ ನಿರ್ಧಾರವಾಯಿತು: ಮುತ್ತಜ್ಜ ಮಾಡಿದ ಹಾಗೆಯೇ ಹೊಸದೊಂದು ನಳಿ ಮಾಡುವುದು. ಪಟ್ಟಿ ಸುತ್ತಲು ಒಂದು ಯಂತ್ರ ಕಟ್ಟುವುದು. ಹೊಸದು ಒಲೆಗೆ, ಹಳೆಯದು ದೇವರ ಜಗಲಿಗೆ.

"ಅಂಗಡ್ಯಾಗ ಒಂದ್ ಕೊಳವಿ ತಂದ್ರ ಆಗೂದಿಲ್ಲೇನ್ ಮಾಮಾ?" ಎಂದೆ.

"ಅಂಗಡೀದಕ್ಕ ಅದರ ಜಾಗಾದಾಗ ಕುಂದರಾಕ ಯೋಗ್ಯತಾ ಬೇಕೋ ಬ್ಯಾಡೋ?"

"ಮುತ್ತಜ್ಜ ಕೈಲೆ ಮಾಡಿದ್ನಲ್ಲ. ನಿನಗ ಯಂತ್ರ ಯಾಕ?"

"ಮುತ್ತಜ್ಜಗ ಮಣಕಾಲು ನೋವು ಇರಲಿಲ್ಲ ಬಿಡು."

ಪೊಲೀಸರು, ಜೈಲು ಎಂದು ಹೆದರಿಸಿಯೂ ನೋಡಿದೆ. "ಗುಂಡಿಲ್ಲ, ಮದ್ದಿಲ್ಲ, ಎರಡೂ ಕಡೆ ತೆರದದ್ದು. ಇದು ಹಾರೂದಿಲ್ಲ," ಎಂದ. ಒಳಗಿನಿಂದ ಅತ್ತೆ, "ಹಾರೂದಿಲ್ಲ ಅಂದ್ರ ಊದಾಕಷ್ಟ. ಊದಾಕ ಒಂದ್ ಐತಲ್ರಿ ಮನ್ಯಾಗ," ಎಂದಳು. ಮಾವ ಪಾನಾ ಎತ್ತಿಕೊಂಡು ಹಿತ್ತಲಿಗೆ ನಡೆದ.

ಹಿತ್ತಲಿನ ಪತ್ರಾಸಿನ, ಅಂದರೆ ತಗಡಿನ, ಶೆಡ್ಡಿನಲ್ಲಿ ಯಂತ್ರ ಏಳತೊಡಗಿತು. ರಾಮದುರ್ಗದಿಂದ ಹಳೆಯ ಮಗ್ಗದ ಹಲ್ಲಿನ ಗಾಲಿಗಳು ಬಂದವು. ಸವದತ್ತಿಯ ಗುಡ್ಡದ ದಾರಿಯಲ್ಲಿ ಕಬ್ಬಿನ ಹಾಲು ಮಾರುತ್ತಿದ್ದವನು ಬಿಟ್ಟುಹೋದ ಗಾಣದ ಉರುಳೆಗಳು ಬಂದವು. ಅತ್ತೆಯ ಹೊಲಿಗೆ ಯಂತ್ರದ ಕಾಲುಗಳು ಎಲ್ಲಿಂದ ಬಂದವು ಎಂದು ಹೇಳಬೇಕಾಗಿಲ್ಲ. ಮೊದಲ ಸಲ ಮೋಟಾರು ಹಚ್ಚಿದಾಗ ಕಬ್ಬಿಣದ ಪಟ್ಟಿ ಸುತ್ತಿಕೊಳ್ಳಲಿಲ್ಲ. ಇಡೀ ಯಂತ್ರವೇ ಜಿಗಿಯುತ್ತ ಜಿಗಿಯುತ್ತ ಬಾಗಿಲಿನವರೆಗೆ ಬಂತು.

"ಎಲ್ಲಿಗ್ ಹೊಂಟೈತ್ರಿ ಇದು?" ಎಂದಳು ಅತ್ತೆ.

"ಸವದತ್ತಿಗೆ," ಎಂದ ಮಾವ, ಬೆವರು ಒರೆಸಿಕೊಳ್ಳುತ್ತ. "ತವರುಮನಿ ನೆನಪಾಗಿರಬೇಕು."

ಓಣಿಯ ಜನ ಕೇಳಿದಾಗಲೆಲ್ಲ "ನಳಿ ಮಾಡಾಕ ಹತ್ತೇನಿ" ಎನ್ನುತ್ತಿದ್ದ. ನಮ್ಮ ಕಡೆ ನಳ ಎಂದರೆ ನೀರಿನ ನಲ್ಲಿ. ಕಿವಿಯಿಂದ ಕಿವಿಗೆ ಹೋಗುವಷ್ಟರಲ್ಲಿ ಬಂದೂಕಿನ ನಳಿ ಪುರಸಭೆಯ ನಳವಾಯಿತು. ಒಂದು ವಾರದಲ್ಲಿ ನಮ್ಮ ಕಟ್ಟೆಯ ಮೇಲೆ ಸೋರುವ ನಲ್ಲಿಗಳ ಸಾಲು. ಪಕ್ಕದ ಮನೆಯ ಮುದುಕಿ ತನ್ನ ಹಿತ್ತಾಳೆ ನಲ್ಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು.

"ಇದು ರಾತ್ರಿಯೆಲ್ಲಾ ತೊಟ್ಟಿಕ್ಕತೈತೆಪಾ. ನಿನ್ನ ಮಷೀನಿಗೆ ಹಾಕಿ ಒಂದೀಟು ತಿರುವಿ ಕೊಡು."

ಬಂದೂಕುಗಾರನ ಮರಿಮೊಮ್ಮಗ ಪಾನಾ ಹಿಡಿದು ಕುಳಿತು ಎಲ್ಲ ನಲ್ಲಿಗಳನ್ನೂ ರಿಪೇರಿ ಮಾಡಿದ. ನಿಜ ಹೇಳುತ್ತೇನೆ, ಆ ಶೆಡ್ಡಿನಿಂದ ಲೋಕಕ್ಕಾದ ಉಪಕಾರ ಅದೊಂದೇ.

ನಾನು ಇಷ್ಟು ಹೊತ್ತು ನಗಿಸುತ್ತ ಬಂದದ್ದು ಮುಂದಿನದನ್ನು ತಡಮಾಡಲಿಕ್ಕೆ. ಇನ್ನು ತಡಮಾಡಲು ಆಗುವುದಿಲ್ಲ.

ಹೊಲ ಇರುವವರಿಗೆಲ್ಲ 'ಆಟೋ' ಗೊತ್ತು. ಪಂಪಿಗೆ ಕರೆಂಟು ಯಾವ ಹೊತ್ತಿಗೆ ಬರುತ್ತದೆ ಎಂದು ಯಾರಿಗೂ ತಿಳಿಯದ ಕಾರಣ, ಕರೆಂಟು ಬಂದ ಕೂಡಲೇ ಮೋಟಾರು ತಾನೇ ಸುರುವಾಗಲಿ ಎಂದು ಹಾಕುವ ಪೆಟ್ಟಿಗೆ ಅದು. ರೈತ ಮನೆಯಲ್ಲಿ ಮಲಗಿರುತ್ತಾನೆ, ಹೊಲದಲ್ಲಿ ನೀರು ಹರಿಯುತ್ತಿರುತ್ತದೆ. ಕೆಲಸದ ನಡುವೆ ಕರೆಂಟು ಹೋಗಿ ಬಂದಾಗಲೆಲ್ಲ ಗುಂಡಿ ಒತ್ತಿ ಒತ್ತಿ ಬೇಸತ್ತ ಮಾವ, ಹೊಲದ ಪಂಪಿನ ಆಟೋ ಬಿಚ್ಚಿ ತಂದು ಶೆಡ್ಡಿನ ಗೋಡೆಗೆ ಜೋಡಿಸಿದ್ದ. ಪಂಪಿನ ಹತ್ತಿರ ಯಾರೂ ನಿಂತಿರುವುದಿಲ್ಲ. ಯಂತ್ರದ ಹತ್ತಿರ ಮನುಷ್ಯರು ನಿಂತಿರುತ್ತಾರೆ. ಈ ವ್ಯತ್ಯಾಸ ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಈ ಕತೆ ಸುರುವಾದ ಖಂಡೇನವಮಿಯ ಹಿಂದಿನ ಸಂಜೆ ಕೆಲಸ ನಡೆದಿದ್ದಾಗಲೇ ಕರೆಂಟು ಹೋಯಿತು. ಸ್ವಿಚ್ಚು ತೆಗೆಯುವುದನ್ನು ಮರೆತು ಮಾವ ಕೈತೊಳೆದು ಎದ್ದುಬಂದ. ಬೆಳಿಗ್ಗೆಯೂ ಕರೆಂಟು ಇರಲಿಲ್ಲ. ಯಂತ್ರಕ್ಕೆ ಚೆಂಡುಹೂವಿನ ಮಾಲೆ ಹಾಕಿದೆವು, ಬಾಳೆಕಂದು ಕಟ್ಟಿದೆವು, ಎದುರಿಗೆ ಮಣೆ ಇಟ್ಟು ಅದರ ಮೇಲೆ ಮುತ್ತಜ್ಜನ ನಳಿಯನ್ನು ಮಲಗಿಸಿದೆವು. ಅತ್ತೆ ಇಳಕಲ್ ಸೀರೆ ಉಟ್ಟಿದ್ದಳು. ಬೈಯುತ್ತಲೇ ಬಂದಿದ್ದಳು, ಆದರೆ ಒಂದೊಂದು ಗಾಲಿಗೂ ಬಗ್ಗಿ ಬಗ್ಗಿ ಕುಂಕುಮ ಹಚ್ಚುತ್ತಿದ್ದಳು.

"ನನ್ನ ಹೊಲಿಗಿ ಮಷೀನಿನ ಕಾಲಿಗೆ ಎರಡು ಬಟ್ಟು ಜಾಸ್ತಿ ಹಚ್ಚತೇನಿ," ಎಂದಳು. ಅದು ಅವಳ ಕೊನೆಯ ಮಾತು. ಅಂದರೆ, ಆ ಹೊತ್ತಿನ ಕೊನೆಯ ಮಾತು. ಹೀಗೆ ತಿದ್ದಿ ಬರೆಯುವ ಭಾಗ್ಯ ನನಗೆ ಸಿಕ್ಕಿತು.

ಗೋಡೆಯ ಮೇಲೆ ಆಟೋ ಟಕ್ ಎಂದಿತು. ಈಗಲೂ ಬಾಗಿಲ ಚಿಲಕ ಸದ್ದಾದರೆ ತಿರುಗಿ ನೋಡುತ್ತೇನೆ. ಚೆಂಡುಹೂವುಗಳು ಮುಖಕ್ಕೆ ಬಡಿದವು. ಅತ್ತೆಯ ಸೆರಗು ಗಾಲಿಗಳ ನಡುವಿನ ದಂಡಕ್ಕೆ ಸುತ್ತಿಕೊಂಡಿತು. ಕಬ್ಬಿಣದ ಪಟ್ಟಿಯನ್ನು ಸುತ್ತಲಾರದ ಯಂತ್ರ ಸೆರಗನ್ನು ಎಷ್ಟು ಸಲೀಸಾಗಿ ಸುತ್ತಿತೆಂದರೆ, ಅದಕ್ಕೆಂದೇ ಮಾಡಿದ್ದೋ ಎಂಬಂತೆ. ಅವಳ ಭುಜ ಮೊದಲು ಹೋಗಿ ಬಡಿಯಿತು. ಕೊರಳು ಬಿಗಿದು ಮುಖ ಹಲ್ಲಿನ ಗಾಲಿಯ ಕಡೆಗೆ ಇಳಿಯುತ್ತಿತ್ತು. ನನ್ನ ಕೈಯ ಆರತಿ ತಟ್ಟೆಯಲ್ಲಿ ಕರ್ಪೂರ ಇನ್ನೂ ಉರಿಯುತ್ತಿತ್ತು.

ಆಟೋ ಇದ್ದ ಗೋಡೆ ಯಂತ್ರದ ಆಚೆ. ಮಾವ ಅತ್ತ ನೋಡಲೂ ಇಲ್ಲ. ಮಣೆಯ ಮೇಲಿನ ನಳಿಯನ್ನು, ವಿಭೂತಿ ಹೂವು ಸಮೇತ, ಎರಡೂ ಕೈಯಲ್ಲಿ ಎತ್ತಿ ಗಾಲಿಗಳ ಬಾಯಿಗೆ ತುರುಕಿದ. ಹಲ್ಲುಗಳು ಅದನ್ನು ಕಚ್ಚಿದವು, ಬಗ್ಗಿಸಿದವು, ಅರಚಿದವು. ಬೆಲ್ಟು ಕಳಚಿ ಪತ್ರಾಸಿಗೆ ಬಡಿಯಿತು. ಗಾಲಿಗಳು ನಿಂತವು. ನಾನು ಸುತ್ತುಹಾಕಿ ಓಡಿ ಸ್ವಿಚ್ಚು ಎಳೆದೆ. ಮಾವ ಪೂಜೆಗಿಟ್ಟಿದ್ದ ಕುಡುಗೋಲಿನಿಂದ ಸೆರಗು ಕೊಯ್ದ. ಅತ್ತೆ ಉಸಿರೆಳೆದುಕೊಂಡ ಆ ಸದ್ದು, ತೂತಾದ ಕೊಳವೆಯಲ್ಲಿ ಊದಿದಂತಿತ್ತು.

ಬೆಳಗಾವಿಯ ಆಸ್ಪತ್ರೆಯಲ್ಲಿ ಭುಜದ ಹತ್ತಿರದ ಕೊರಳೆಲುಬು ಮುರಿದಿದೆ, ಮತ್ತೇನೂ ಭಯವಿಲ್ಲ ಎಂದರು. ಭಯ ಎಲುಬಿನಲ್ಲಿ ಇರುವುದಿಲ್ಲ ಎಂದು ಅವರಿಗೇನು ಗೊತ್ತು? ಮನೆಗೆ ಬಂದ ಮೇಲೆ ಯಾರಿಗೂ ನಿದ್ದೆ ಇಲ್ಲ. ಮಾವ ಶೆಡ್ಡಿನ ಫ್ಯೂಜು ಕಿತ್ತು ಅತ್ತೆಯ ಕೈಗೆ ಕೊಟ್ಟಿದ್ದ. ಅವಳು ಅದನ್ನು ಎಲೆಯಡಿಕೆಯ ಚಂಚಿಯಲ್ಲಿಟ್ಟು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಆದರೂ ದಿನವೂ ನಡುರಾತ್ರಿ ಕೇಳುತ್ತಿದ್ದಳು, "ಬಂದ್ ಐತೇನ್ರಿ?" ಮಾವ ಎಚ್ಚರವಾಗೇ ಇರುತ್ತಿದ್ದ. "ಬಂದ್ ಐತಿ." ಪಡಸಾಲೆಯಲ್ಲಿ ಮಲಗಿದ ನಾನೂ ಆ ಉತ್ತರಕ್ಕೆ ಕಾಯುತ್ತಿದ್ದೆ. ಮಾವ ತಮಾಷೆ ಬಿಟ್ಟ, ಶೆಡ್ಡಿನ ಕಡೆ ಹೋಗುವುದನ್ನೂ ಬಿಟ್ಟ. ಅತ್ತೆಯೇ ಕೆಣಕಿದರೂ ಬರಿದೇ ತಲೆಯಾಡಿಸುತ್ತಿದ್ದ. ನಗದ ಮಾವನನ್ನು ನೋಡುವುದು ಆ ಯಂತ್ರ ನೋಡುವುದಕ್ಕಿಂತ ಕಷ್ಟವಾಗಿತ್ತು.

ಅತ್ತೆಯ ತೋಳು ಜೋಳಿಗೆಯಲ್ಲಿ ಇದ್ದುದರಿಂದ ನೀರೊಲೆ ಮಾವನ ಪಾಲಿಗೆ ಬಂದಿತ್ತು. ಚಳಿ ಸುರುವಾದ ಒಂದು ಬೆಳಿಗ್ಗೆ ಹಸಿ ಕಟ್ಟಿಗೆ ಹೊತ್ತಲೊಲ್ಲದು. ಊದಲು ಬೇರೆ ಏನೂ ಸಿಗದೆ, ಮೂಲೆಯಲ್ಲಿ ಬಿದ್ದಿದ್ದ ಮುತ್ತಜ್ಜನ ನಳಿಯನ್ನೇ ಎತ್ತಿಕೊಂಡ. ಅದು ಮೊಣಕೈಯಂತೆ ಬಗ್ಗಿ, ಅಲ್ಲಲ್ಲಿ ಸೀಳು ಬಿಟ್ಟಿತ್ತು. ಎದೆ ತುಂಬ ಉಸಿರೆಳೆದು ಊದಿದ. ಗಾಳಿ ಒಲೆಗೆ ಹೋಗದೆ ಪಕ್ಕದ ಬೂದಿಗೆ ಹೋಯಿತು. ಬೂದಿಯೆಲ್ಲ ಎದ್ದು ಮಾವನ ಮುಖ, ಮೀಸೆ, ಹುಬ್ಬು ಹಿಡಿಯಿತು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಹೇಳಿದಳು, "ನಿಮ್ಮ ಮುತ್ತಜ್ಜನ ಬಂದೂಕು ಕಡೀಕೂ ಒಂದ್ ಗುಂಡ್ ಹೊಡೀತ್ ನೋಡ್ರಿ."

ಮಾವ ಕಣ್ಣು ಬಿಟ್ಟ. ಬೂದಿಯ ನಡುವೆ ಎರಡು ಕಣ್ಣು.

"ಬಂದೂಕಲ್ಲಲೇ," ಎಂದ. ಅವನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. "ಊದುಗೊಳವಿ."

ಅತ್ತೆ ನಕ್ಕಳು. ಎಲುಬು ನೋಯುತ್ತದೆಂದು ಎಡಗೈಯಿಂದ ಕೊರಳು ಹಿಡಿದುಕೊಂಡು ನಕ್ಕಳು. ಮಾವನೂ ನಕ್ಕ, ಬೂದಿಯಲ್ಲಿ ಎರಡು ಗೆರೆ ಇಳಿದವು. ಹೊಗೆಗೆ ಎಂದುಕೊಂಡೆ.

ಮರುದಿನ ಹಾಲಿನವನು ಬಾಗಿಲು ಬಡಿದಾಗ ಬಿಸಿಲು ಪಡಸಾಲೆಗೆ ಬಂದಿತ್ತು. ರಾತ್ರಿ ಅತ್ತೆಯ ಆ ಪ್ರಶ್ನೆ ಕೇಳಿಸಿರಲೇ ಇಲ್ಲ ಎಂಬುದು ನೆನಪಾಗಿ ಅವರ ಕೋಣೆಗೆ ಓಡಿಹೋಗಿ ನೋಡಿದೆ. ಫ್ಯೂಜಿದ್ದ ಚಂಚಿ ತಲೆದಿಂಬು ಬಿಟ್ಟು ಕಿಟಕಿಯಲ್ಲಿತ್ತು. ಇಬ್ಬರೂ ಗೊರಕೆ ಹೊಡೆಯುತ್ತಿದ್ದರು. ನಿದ್ದೆಯಲ್ಲಿಯೂ ಮಾವನ ಮುಷ್ಟಿಯೊಳಗೆ ಅತ್ತೆಯ ಸೆರಗಿನ ತುದಿ ಇತ್ತು. ನಾನು ಹಾಲಿನವನಿಗೆ ಮೆಲ್ಲಗೆ ಮಾತನಾಡಲು ಹೇಳಿದೆ.