ತಿಲಕ್ ನಗರದ ನವಿಲು ಶೌಚಾಲಯ

ಸಾರ್ವಜನಿಕ ಗೋಡೆಗಳನ್ನು ಸಾರ್ವಜನಿಕರಿಂದ ಕಾಪಾಡುವುದು ದಕ್ಷಿಣ ಬಡಾವಣೆಗಳ ನೈರ್ಮಲ್ಯ ಮತ್ತು ಸೌಂದರ್ಯ ಮಂಡಳಿಯ ಮೊದಲ ಕರ್ತವ್ಯವಾಗಿತ್ತು. ಅದಕ್ಕಾಗಿ ಮಂಡಳಿ ಒಂದು ನಿಯಮ ಮಾಡಿತ್ತು: ಮಂಡಳಿಗೆ ಸೇರಿದ ಯಾವ ಗೋಡೆಯನ್ನೂ, ಅದು ಎಲ್ಲೇ ಇರಲಿ, ದೇವರ ಟೈಲ್ಸ್ ಹಚ್ಚದೆ ಬಿಡತಕ್ಕದ್ದಲ್ಲ. ಟೈಲ್ಸ್ ಗಂಡಸಿನ ಸೊಂಟದ ಎತ್ತರದಲ್ಲಿರಬೇಕು. ಎಲ್ಲ ಧರ್ಮಗಳಿಗೂ ಸಮಾನ ಜಾಗ ಕೊಡಬೇಕು. ನಿಯಮ ಫಲ ಕೊಟ್ಟಿತ್ತು. ಜಯನಗರದಿಂದ ಬನಶಂಕರಿಯವರೆಗೆ ಗಂಡಸರು ಅವಸರದಲ್ಲಿ ಗೋಡೆಯ ಹತ್ತಿರ ಬಂದು, ವೆಂಕಟರಮಣನ ಮುಖ ಕಂಡು, ಕೈಮುಗಿದು, ಪಕ್ಕದ ಮನೆಯ ಕಾಂಪೌಂಡಿಗೆ ಹೋಗುತ್ತಿದ್ದರು.

ಹೆಂಗಸರ ವಿಷಯದಲ್ಲಿ ಯಾವ ನಿಯಮವೂ ಇರಲಿಲ್ಲ. ಅವರಿಂದ ಗೋಡೆಗಳಿಗೆ ಅಪಾಯವಿಲ್ಲವೆಂದು ಮಂಡಳಿ ಮೊದಲೇ ಮನಗಂಡಿತ್ತು.

ಬಿಳೇಕಹಳ್ಳಿಯ ಅಣ್ಣಮ್ಮ ತಿಲಕ್ ನಗರದ ಮಾರ್ಕೆಟ್ ಬೀದಿಯಲ್ಲಿ ಹೂವು ಮಾರುತ್ತಿದ್ದಳು. ಬುಟ್ಟಿಯ ಪಕ್ಕದಲ್ಲಿ ಸದಾ ಒಂದು ತಂಬಿಗೆ ನೀರು. ಆ ನೀರು ಹೂವಿಗೆ. ತಾನು ಒಂದು ಗುಟುಕು ಕುಡಿಯಬೇಕೆಂದರೆ ಅವಳು ಮೊದಲು ಬೀದಿಯ ಹಿಂದಿದ್ದ ಖಾಲಿ ಸೈಟಿನ ಕಡೆ ನೋಡುತ್ತಿದ್ದಳು. ಅಲ್ಲಿ ಆಳೆತ್ತರದ ಲಂಟಾನ ಪೊದೆ ಬೆಳೆದಿತ್ತು. ಹೂವಿನವರು, ಸೊಪ್ಪಿನವರು ಒಬ್ಬರಿಗೊಬ್ಬರು ಕಾವಲು ನಿಂತು ಅಲ್ಲಿಗೆ ಹೋಗಿ ಬರುತ್ತಿದ್ದರು. ಆಚೀಚೆ ಜನರಿದ್ದರೆ ತಡೆದುಕೊಳ್ಳುತ್ತಿದ್ದರು. ಹೀಗೆ ತಡೆದು ತಡೆದು ಅಣ್ಣಮ್ಮನಿಗೆ ಉರಿಮೂತ್ರ ಹತ್ತಿತ್ತು. "ನೀರು ಕುಡೀಬೇಕಮ್ಮ, ಚೆನ್ನಾಗಿ ಕುಡೀಬೇಕು. ಇಲ್ದಿದ್ರೆ ಕಿಡ್ನಿ ಹೋಗುತ್ತೆ" ಎಂದು ಡಾಕ್ಟರು ಗದರಿದ್ದರು. ಕುಡಿದ ಮೇಲೆ ಎಲ್ಲಿಗೆ ಹೋಗಬೇಕೆಂಬುದನ್ನು ಅವರು ಚೀಟಿಯಲ್ಲಿ ಬರೆದಿರಲಿಲ್ಲ.

ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ ಮಂಡಳಿಯ ಇಂಜಿನಿಯರ್ ಅನಂತಪದ್ಮನಾಭ ಅವರು ಪ್ರಪಂಚದ ಕಲಾತ್ಮಕ ಶೌಚಾಲಯಗಳ ಅಧ್ಯಯನಕ್ಕಾಗಿ ವಿದೇಶಗಳಿಗೆ ಹೋಗಿಬಂದರು. ಒಂದು ದೇಶದಲ್ಲಿ ಹಡಗಿನಂಥ ಶೌಚಾಲಯ, ಇನ್ನೊಂದರಲ್ಲಿ ಪೂರಾ ಬಣ್ಣದ ಗಾಜಿನದು. ಮತ್ತೊಂದನ್ನು ನೋಡುತ್ತಾ ನಿಂತು ತಾವು ಬಂದ ಕೆಲಸವನ್ನೇ ಮರೆತುದಾಗಿ ಅವರು ವರದಿಯಲ್ಲಿ ಬರೆದರು. ನಮ್ಮಲ್ಲೂ ಅಂಥದೊಂದು ಆಗಬೇಕೆಂದು ಮಂಡಳಿ ತೀರ್ಮಾನಿಸಿತು. ಹುಡುಕಿದಾಗ ಸಿಕ್ಕಿದ್ದು ಲಂಟಾನ ಪೊದೆಯ ಸೈಟು.

ಪೊದೆ ಕಡಿಯುವ ದಿನ ಅಣ್ಣಮ್ಮನೂ ಸೊಪ್ಪಿನ ಪಾರ್ವತಮ್ಮನೂ ಓಡಿಬಂದರು.

"ಗಾಬರಿ ಆಗ್ಬೇಡೀಮ್ಮ, ಇಲ್ಲಿ ನವಿಲು ಬರುತ್ತೆ" ಎಂದರು ಇಂಜಿನಿಯರ್.

"ಪೊದೆ ಕಡಿದ್ರೆ ನವಿಲು ಯಾಕೆ ಸಾರ್ ಬರುತ್ತೆ?" ಎಂದಳು ಅಣ್ಣಮ್ಮ.

"ನವಿಲಿನ ಆಕಾರದ ಶೌಚಾಲಯಮ್ಮ. ಬಲಗಡೆ ರೆಕ್ಕೆ ಕೆಳಗೆ ಗಂಡಸರು, ಎಡಗಡೆ ರೆಕ್ಕೆ ಕೆಳಗೆ ನೀವು."

"ನವಿಲೋ ಕಾಗೆಯೋ, ಬಾಗಿಲಿಗೊಂದು ಚಿಲಕ ಇಡ್ಸಿ ಸಾರ್" ಎಂದಳು ಪಾರ್ವತಮ್ಮ.

"ಚಿಲಕಾನೂ ಕೊಕ್ಕಿನ ಥರಾನೇ ಇರುತ್ತೆ."

ಕೆಲಸ ಕಂಟ್ರಾಕ್ಟರ್ ಉಗ್ರಪ್ಪನಿಗೆ ಸಿಕ್ಕಿತು. ಮಂಡಳಿಯ ಗೋಡೆಗಳಿಗೆಲ್ಲ ದೇವರನ್ನು ಹಚ್ಚಿದವನು ಅವನೇ. ನವಿಲು ಎದ್ದು ನಿಂತಿತು. ನೀಲಿ ಕತ್ತು, ತಲೆಯ ಮೇಲೆ ಜುಟ್ಟು, ಬಿಚ್ಚಿದ ಗರಿಗಳಲ್ಲಿ ಗಾಜಿನ ಕಣ್ಣು. ಜೆ.ಪಿ. ನಗರದಿಂದ ಸಂಸಾರ ಸಮೇತ ಬಂದು ಜನ ಫೋಟೋ ತೆಗೆಸಿಕೊಂಡರು.

ಉದ್ಘಾಟನೆಯ ಬೆಳಿಗ್ಗೆ ಅಣ್ಣಮ್ಮ ಡಾಕ್ಟರ ಮಾತಿನಂತೆ ತಂಬಿಗೆ ನೀರನ್ನು ಪೂರ್ತಿ ಕುಡಿದಳು. ಭಾಷಣಗಳನ್ನು ಕಾಲು ಬದಲಿಸುತ್ತಾ ಕೇಳಿದಳು. ಟೇಪು ಕತ್ತರಿಸಿದ ಕೂಡಲೇ ಎಡರೆಕ್ಕೆಯ ಕೆಳಗೆ ನುಗ್ಗಿದಳು. ನುಗ್ಗಿದಷ್ಟೇ ಬೇಗ ಹೊರಗೆ ಬಂದಳು.

"ಏನೇ, ಆಗ್ಲೇ ಆಯ್ತಾ?" ಎಂದಳು ಪಾರ್ವತಮ್ಮ.

"ಒಳಗೆ ಮಾರಮ್ಮ ಇದ್ದಾಳೆ ಕಣೇ."

"ಯಾವ ಮಾರಮ್ಮ? ಪಕ್ಕದ ಬಾಗಿಲಿಗೆ ಹೋಗು."

"ಅದ್ರಲ್ಲಿ ಆಂಜನೇಯ. ಅದರಾಚೆ ಬುದ್ಧ, ಅದರಾಚೆ ಶಿಲುಬೆ. ಒಂದೂ ಖಾಲಿ ಇಲ್ಲ."

ಬಲರೆಕ್ಕೆಯಿಂದ ಗಂಡಸರೂ ಕೈಮುಗಿದುಕೊಂಡೇ ಹೊರಬರುತ್ತಿದ್ದರು.

ಇಂಜಿನಿಯರ್ ಉಗ್ರಪ್ಪನನ್ನು ಕರೆಸಿದರು. ಅವನು ಸ್ವಲ್ಪವೂ ಅಳುಕಲಿಲ್ಲ. "ಯಾವ ಗೋಡೆಯನ್ನೂ ಬಿಡಬಾರ್ದು, ಎಲ್ಲೇ ಇರಲಿ ಅಂತ ನಿಯಮದಲ್ಲಿದೆ ಸಾರ್. ಒಳಗಿಂದು ಗೋಡೆ ಅಲ್ವಾ?"

ಇಂಜಿನಿಯರ್ ಒಳಗೆ ಹೋಗಿ ಪರೀಕ್ಷಿಸಿದರು. ಗೋಡೆಯೇ ಆಗಿತ್ತು.

"ಕಿತ್ತುಬಿಡಿ ಹಾಗಾದ್ರೆ."

"ನಾನು ಕೀಳಲ್ಲ ಸಾರ್, ನನಗೂ ಮಕ್ಕಳಿವೆ. ನೀವೇ ಉಳಿ ಹಿಡೀರಿ."

ಇಂಜಿನಿಯರಿಗೂ ಮಕ್ಕಳಿದ್ದರು. ಅಣ್ಣಮ್ಮ ಸೆರಗು ಬಿಗಿಹಿಡಿದು ಮುಂದೆ ಬಂದಳು. "ಸಾರ್, ಒಂದೇ ಒಂದು ಬಾಗಿಲೊಳಗೆ ದೇವರ ಮೇಲೆ ಬಿಳಿ ಟೈಲ್ಸ್ ಹಚ್ಚಿಸಿಬಿಡಿ. ಸಾಕು."

"ದೇವರನ್ನ ಮುಚ್ಚೋದಾ? ಏನಮ್ಮ, ಹೂವು ಮಾರೋಳಾಗಿ ಹೀಗೆ ಮಾತಾಡ್ತೀಯಲ್ಲ!"

"ಹಂಗಾದ್ರೆ ನಮ್ಮ ಪೊದೆನಾದ್ರೂ ವಾಪಸ್ ಕೊಡಿ."

"ಅದು ತೋಟಗಾರಿಕೆಯವರಿಗೆ ಸೇರಿದ್ದು. ಆದ್ರೆ ಶೌಚಾಲಯ ಇರೋ ಕಡೆ ಪೊದೆ ಬೆಳೆಸೋಕೆ ಅವರು ಒಪ್ಪಲ್ಲ."

ಮಾತು ಮುಗಿಯುವ ಮೊದಲೇ ಅಣ್ಣಮ್ಮ ಬುಟ್ಟಿಯನ್ನು ಪಾರ್ವತಮ್ಮನಿಗೆ ಒಪ್ಪಿಸಿ ಬಿಳೇಕಹಳ್ಳಿಯ ಕಡೆ ಓಡುನಡಿಗೆಯಲ್ಲಿ ಹೊರಟಿದ್ದಳು. ಆ ದಿನದ ವ್ಯಾಪಾರ ಹೋಯಿತು. ತಂಬಿಗೆ ಮತ್ತೆ ಹೂವಿನದೇ ಆಯಿತು.

ಮಂಡಳಿ ತುರ್ತು ಸಭೆ ಸೇರಿ, ನವಿಲಿನ ಕತ್ತಿಗೆ ಒಂದು ಫಲಕ ತೂಗುಹಾಕಿತು:

"ಈ ಶೌಚಾಲಯವು ಮಹಾಜನರ ಉಪಯೋಗಕ್ಕೆ ಸದಾ ತೆರೆದಿರುತ್ತದೆ. ಪಾದರಕ್ಷೆಗಳನ್ನು ಹೊರಗೆ ಬಿಡತಕ್ಕದ್ದು. ಸ್ನಾನ ಮಾಡಿ ಬಂದವರಿಗೆ ಆದ್ಯತೆ. ಒಳಗೆ ಮಲಮೂತ್ರ ವಿಸರ್ಜನೆ ಮಾಡುವವರ ಮೇಲೆ ಗೋಡೆ ರಕ್ಷಣಾ ನಿಯಮದ ಪ್ರಕಾರ ಕ್ರಮ ಕೈಗೊಳ್ಳಲಾಗುವುದು."

ಯಾರೂ ತಕರಾರು ಮಾಡಲಿಲ್ಲ. ತೊಳೆಯಲು ನೇಮಕವಾಗಿದ್ದ ಹನುಮಯ್ಯನಿಗೆ ತೊಳೆಯಲು ಏನೂ ಇರಲಿಲ್ಲ. ಸಂಬಳ ತೆಗೆದುಕೊಂಡು ಸುಮ್ಮನಿರಲು ಮನಸ್ಸೊಪ್ಪದೆ ಅವನು ಬಾಗಿಲು ಬಾಗಿಲಿಗೂ ದೀಪ ಹಚ್ಚತೊಡಗಿದ. ದೀಪವಿದ್ದ ಮೇಲೆ ಹೂವು ಬೇಕಲ್ಲ. ದಿನವೂ ಹಾರ ತಂದುಕೊಡುವ ವರ್ತನೆಯನ್ನು ಮಂಡಳಿ ಅಣ್ಣಮ್ಮನಿಗೇ ಕೊಟ್ಟಿತು. ಅವಳ ವ್ಯಾಪಾರ ಕುದುರಿತು. ಉರಿ ಮಾತ್ರ ಇಳಿಯಲಿಲ್ಲ.

ಮರುವರ್ಷ ಶುಚಿತ್ವದ ಬಹುಮಾನ ಕೊಡುವ ಸಮಿತಿಯೊಂದು ನವಿಲನ್ನು ನೋಡಲು ಬಂತು. ಸದಸ್ಯರು ಚಪ್ಪಲಿ ಬಿಟ್ಟು ಒಳಹೋಗಿ, ದೀಪವನ್ನು ಕಣ್ಣಿಗೊತ್ತಿಕೊಂಡು, ಊದಿನಕಡ್ಡಿಯ ಪರಿಮಳದೊಂದಿಗೆ ಹೊರಬಂದರು. ಇಂಥ ಶೌಚಾಲಯವನ್ನು ತಾವು ಎಲ್ಲಿಯೂ ಕಂಡಿಲ್ಲವೆಂದರು. ಸ್ಥಳೀಯ ಮಹಿಳೆಯರ ಅಭಿಪ್ರಾಯವೂ ಬೇಕೆಂದಾಗ ಇಂಜಿನಿಯರ್ ಅಣ್ಣಮ್ಮನ ಕಡೆ ತಿರುಗಿದರು.

"ಹೇಳಮ್ಮ, ಧೈರ್ಯವಾಗಿ ಹೇಳು. ಹೇಗಿದೆ?"

ಅಣ್ಣಮ್ಮ ಬುಟ್ಟಿ ನೋಡಿದಳು. ಎಲ್ಲ ಬಾಗಿಲುಗಳ ಹಾರಗಳೂ ಅದರಲ್ಲಿದ್ದವು.

"ತುಂಬಾ ಚೆನ್ನಾಗಿದೆ ಸಾರ್. ಒಂದು ದಿನಾನೂ ವಾಸನೆ ಬಂದಿಲ್ಲ."

ಸಮಿತಿ ಅದನ್ನು ಹಾಗೆಯೇ ಬರೆದುಕೊಂಡು, ಅಲ್ಲಿಯೇ ಪ್ರಥಮ ಬಹುಮಾನ ಘೋಷಿಸಿತು. ಪಾರ್ವತಮ್ಮನೂ ಚಪ್ಪಾಳೆ ತಟ್ಟಿದಳು. ಇಂಥವೇ ಶೌಚಾಲಯಗಳನ್ನು ಪೊದೆಗಳಿರುವ ಎಲ್ಲ ಸೈಟುಗಳಲ್ಲೂ ಕಟ್ಟಿಸುವುದಾಗಿ ಇಂಜಿನಿಯರ್ ಮಾತು ಕೊಟ್ಟರು.

ಬಿಸಿಲು ಏರಿತ್ತು. ಅಣ್ಣಮ್ಮ ತಂಬಿಗೆಯನ್ನು ತುಟಿಯವರೆಗೆ ಎತ್ತಿದಳು. ಪೊದೆಯಿದ್ದ ಜಾಗದ ಕಡೆ ನೋಡಿದಳು. ಅಲ್ಲಿ ನವಿಲಿತ್ತು. ನೀರನ್ನು ಅಂಗೈಗೆ ಬಗ್ಗಿಸಿ ಮಾರಮ್ಮನ ಹಾರಕ್ಕೆ ಚಿಮುಕಿಸಿದಳು. ಸಂಜೆಯಾದರೂ ಹಾರ ಬಾಡಲಿಲ್ಲ.