ಇನ್ಸುಲಿನ್ನೂ ಹಮೀದನ ಕಾರ್ಟನ್ನೂ

ಕಾಯಿಲೆ ಬಂದರೂ ಮರ್ಯಾದೆಯಿಂದ ಬರಬೇಕು ಎನ್ನುವವನು ನಾನು. ಸಕ್ಕರೆ ಕಾಯಿಲೆ ನನಗೆ ಹಾಗೆಯೇ ಬಂದಿತ್ತು. ನೋವಿಲ್ಲ, ನರಳಾಟವಿಲ್ಲ, ಬಂದದ್ದೇ ನನ್ನನ್ನು ತೆಳ್ಳಗೆ ಮಾಡತೊಡಗಿತು. ಎಂಬತ್ತರ ಮೇಲಿದ್ದ ತೂಕ ಎಪ್ಪತ್ತೆರಡಕ್ಕೆ ಇಳಿಯಿತು. ಸೌದಿಯ ಅಲ್ ಖರ್ಜ್‌ನ ನಮ್ಮ ಕಟ್ಟಡದವರೆಲ್ಲ ಗುಟ್ಟೇನೆಂದು ಕೇಳಿದಾಗ, "ಬೆಳಗ್ಗಿನ ವಾಕಿಂಗ್" ಎಂದು ಗಂಭೀರವಾಗಿ ಹೇಳುತ್ತಿದ್ದೆ. ವಾಕಿಂಗ್ ಎಂದರೆ ಕೆಳಗಿನ ಅಂಗಡಿಯಿಂದ ಖುಬ್ಬೂಸ್ ರೊಟ್ಟಿ ತರುವುದು. ಹೋಗುವಾಗಲೂ ಬರುವಾಗಲೂ ಲಿಫ್ಟು.

ಈ ಹೆಮ್ಮೆಗೆ ತಣ್ಣೀರೆರಚಿದವರು ಕ್ಲಿನಿಕ್ಕಿನ ಹೈದರಾಬಾದಿ ಡಾಕ್ಟರಮ್ಮ. ನೀವು ನಡೆದು ಇಳಿದದ್ದಲ್ಲ, ತಿಂದದ್ದೆಲ್ಲ ಮೂತ್ರದಲ್ಲಿ ಹೋಗಿದೆ ಎಂದರು. ಅವರ ಉರ್ದು ಎಷ್ಟು ಸೊಗಸಾಗಿತ್ತೆಂದರೆ, ಮೊದಲಿಗೆ ಹೊಗಳಿದರು ಅಂದುಕೊಂಡೆ. ಮಾತ್ರೆಗೆ ಬಗ್ಗದ ಸಕ್ಕರೆಗೆ ಇನ್ನು ಇನ್ಸುಲಿನ್ನೇ ಗತಿ ಎಂದಾಯಿತು. ಸೂಜಿಗೆ ನಾನು ಹೆದರಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: ದಪ್ಪ ಆಗುತ್ತೇನೆಯೇ? ಸ್ವಲ್ಪ ಏರಬಹುದು, ಇಷ್ಟು ದಿನ ಸೋರಿಹೋಗುತ್ತಿದ್ದದ್ದು ಈಗ ಮೈಗೆ ಹತ್ತುತ್ತದೆ, ಊಟ ನೋಡಿಕೊಳ್ಳಿ, ನಿಜವಾಗಿ ನಡೆಯಿರಿ, ತೂಕಕ್ಕೆ ಹೆದರಿ ಸೂಜಿ ಬಿಟ್ಟರೆ ಕಣ್ಣು ಕಿಡ್ನಿಗೆ ಕುತ್ತು ಎಂದರು. 'ನಿಜವಾಗಿ' ಎನ್ನುವಾಗ ಕನ್ನಡಕದ ಮೇಲಿಂದ ನೋಡಿದ್ದು ನನಗೆ ಸರಿ ಕಾಣಲಿಲ್ಲ.

ಮನೆಗೆ ಬಂದು ಕನ್ನಡಿಯ ಮುಂದೆ ನಿಂತೆ. ಇಪ್ಪತ್ತು ವರ್ಷಗಳ ಮೇಲೆ ಸಿಕ್ಕಿದ ಸೊಂಟವನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ? ಒಂದು ಸೂಜಿ ಬಿಟ್ಟರೆ ಏನಾದೀತು ಎಂದು ಹೆಂಡತಿ ವಸಂತಿಯ ಮುಂದೆ ಬಾಯಿ ತೆರೆದೆ.

"ಕಣ್ಣು ಹೋದ ಮೇಲೆ ನಿಮ್ಮ ಸೊಂಟ ನೋಡ್ಲಿಕ್ಕೆ ಯಾರು, ನಾನಾ? ಸುಮ್ಮನೆ ಚುಚ್ಚಿಕೊಳ್ಳಿ ಮಾರಾಯ್ರೆ" ಎಂದಳು.

ಚುಚ್ಚಿಕೊಂಡೆ. ಸಕ್ಕರೆ ಇಳಿಯಿತು, ಪ್ಯಾಂಟಿನ ಗುಂಡಿ ಬಿಗಿಯಿತು. ಎಲ್ಲ ತಪ್ಪೂ ಇನ್ಸುಲಿನ್ನಿನದಲ್ಲ. ಸಕ್ಕರೆ ತೀರಾ ಇಳಿದು ಕೈ ನಡುಗಿದರೆ ಸಿಹಿ ತಿನ್ನಿ ಎಂದಿದ್ದರು. ನನ್ನ ಕೈ ಹೆಚ್ಚಾಗಿ ಕುನಾಫಾ ಸಿಹಿಯ ತಟ್ಟೆ ಕಂಡಾಗಲೇ ನಡುಗುತ್ತಿತ್ತು. ಆದರೂ ಹೆದರಿಕೆ ನಿಜವಾದದ್ದೇ. ಹೊಟ್ಟೆಯಿಂದ ಬಂದ ಕಾಯಿಲೆಗೆ ಕೊಡುವ ಮದ್ದೂ ಹೊಟ್ಟೆಯನ್ನೇ ಬೆಳೆಸಿದರೆ ಯಾರಿಗೆ ದೂರು ಕೊಡುವುದು? ಕೊನೆಗೆ ನಾನೊಂದು ಉಪಾಯ ಹುಡುಕಿದೆ. ತೂಕದ ಯಂತ್ರದ ಮೇಲೆ ನಿಲ್ಲುವುದನ್ನೇ ಬಿಟ್ಟೆ.

ತೊಡಕೇನೆಂದರೆ, ಇಡೀ ಕಟ್ಟಡಕ್ಕೆ ಆ ಯಂತ್ರ ಒಂದೇ, ಅದಿರುವುದು ನಮ್ಮ ಮನೆಯಲ್ಲಿ. ಊರಿಗೆ ಹೊರಟವರೆಲ್ಲ ಹಗ್ಗ ಬಿಗಿದ ಕಾರ್ಟನ್ ಹೊತ್ತು ಇಲ್ಲಿಗೆ ಬರುತ್ತಾರೆ. ವಿಮಾನದವರು ಬಿಡುವುದು ಮೂವತ್ತು ಕಿಲೋ. ನಾನು ಕಾರ್ಟನ್ ತಬ್ಬಿಕೊಂಡು ಯಂತ್ರದ ಮೇಲೆ ನಿಲ್ಲುತ್ತೇನೆ, ವಸಂತಿ ಬಗ್ಗಿ ಅಂಕಿ ಓದುತ್ತಾಳೆ, ಅದರಿಂದ ನನ್ನ ಎಪ್ಪತ್ತೆರಡು ಕಳೆದರೆ ಕಾರ್ಟನ್ನಿನ ತೂಕ. ಹಾಲಿನ ಕಾರ್ಖಾನೆಯ ಸ್ಟೋರ್ ಕೀಪರ್ ಆದ ನನ್ನ ಲೆಕ್ಕವನ್ನು ಅದುವರೆಗೆ ಯಾರೂ ಪ್ರಶ್ನಿಸಿದ್ದಿಲ್ಲ.

ಮೂರನೇ ಮಹಡಿಯ ಹಮೀದ್ ತಂಗಿಯ ಮದುವೆಗೆಂದು ಪುತ್ತೂರಿಗೆ ಹೊರಟಿದ್ದ. ನಾನು ಅವನ ಕಾರ್ಟನ್ ಎತ್ತಿ ನಿಂತೆ. "ನೂರ ಆರು" ಎಂದಳು ವಸಂತಿ.

"ಎಪ್ಪತ್ತೆರಡು ಕಳಿ. ಮೂವತ್ತನಾಲ್ಕು. ನಾಲ್ಕು ಕಿಲೋ ಜಾಸ್ತಿ" ಎಂದೆ.

"ಎಂತ ಸದಾನಂದಣ್ಣ, ಕಟ್ಟುವಾಗ ಎತ್ತಿ ನೋಡಿದ್ದೆ, ಅಷ್ಟು ಭಾರ ಇರ್ಲಿಲ್ಲ. ನೀವು ಒಮ್ಮೆ ಖಾಲಿ ನಿಲ್ಲಿ ನೋಡುವ."

"ಸ್ಟೋರ್‌ನವನಿಗೆ ತೂಕ ಕಲಿಸ್ಲಿಕ್ಕೆ ಬರ್ಬೇಡ" ಎಂದೆ, ಸೊಂಟ ಒಳಗೆಳೆದುಕೊಂಡು. ಸೊಂಟ ಒಳಗೆಳೆದರೆ ತೂಕ ಇಳಿಯುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ವಸಂತಿ ನನ್ನ ಪ್ಯಾಂಟಿನ ಗುಂಡಿಯನ್ನೊಮ್ಮೆ ನೋಡಿದಳು.

ಹಮೀದ್ ಹಗ್ಗ ಬಿಚ್ಚಿದ. ಹಾಲಿನ ಪುಡಿಯ ಡಬ್ಬಗಳು ಹೊರಬಂದವು. ಆಮೇಲೆ ಒಂದು ಪೆಟ್ಟಿಗೆ ಖರ್ಜೂರ ಹೊರಬಂತು. "ಇದು ಉಮ್ಮ ಹೇಳಿ ತರಿಸಿದ್ದು" ಎಂದು ಅದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡ. ಆಗಲಾದರೂ ನಾನು ಬಾಯಿಬಿಡಬೇಕಿತ್ತು. ಬದಲಿಗೆ ಪೆಟ್ಟಿಗೆ ಇಡಲು ಮೇಜಿನ ಮೇಲೆ ಜಾಗ ಮಾಡಿಕೊಟ್ಟೆ. ಅವನು ಎಲ್ಲವನ್ನೂ ನಮ್ಮ ಮೇಜಿನ ಮೇಲಿಟ್ಟು ಹೋದ.

ಸಂಜೆ ರಿಯಾದ್ ಏರ್‌ಪೋರ್ಟಿನಿಂದ ಫೋನು. ವಸಂತಿ ಸ್ಪೀಕರ್ ಒತ್ತಿದಳು.

"ಸದಾನಂದಣ್ಣ, ಇಲ್ಲಿ ಇಪ್ಪತ್ತಾರೇ ತೋರಿಸ್ತಾ ಉಂಟು. ನನ್ನ ನಾಲ್ಕು ಕಿಲೋ ಎಲ್ಲಿ ಹೋಯ್ತು?"

"ಎಲ್ಲಿಗೂ ಹೋಗ್ಲಿಲ್ಲ ಹಮೀದ್" ಎಂದಳು ವಸಂತಿ. "ಇಲ್ಲೇ ಸೋಫಾದಲ್ಲಿ ಕೂತುಕೊಂಡು ಉಂಟು."

ಸುದ್ದಿ ಮೂರು ಮಹಡಿಗೂ ಹಬ್ಬಿತು. ಈಗ ಯಾರ ಕಾರ್ಟನ್ ಬಂದರೂ ಮೊದಲು ನಾನು ಬರಿಗೈಯಲ್ಲಿ, ಎಲ್ಲರ ಸಮಕ್ಷಮದಲ್ಲಿ ಯಂತ್ರ ಹತ್ತಬೇಕು. ನನ್ನ ತೂಕದ ಚಿಂತೆಯನ್ನು ಕಟ್ಟಡವೇ ವಹಿಸಿಕೊಂಡಿರುವುದರಿಂದ ನನಗೆ ಉಳಿದಿರುವುದು ಸೂಜಿ ಚುಚ್ಚಿಕೊಳ್ಳುವ ಕೆಲಸ ಮಾತ್ರ. ಅದನ್ನು ಬಿಟ್ಟಿಲ್ಲ. ನಡೆಯುತ್ತಲೂ ಇದ್ದೇನೆ, ನಿಜವಾಗಿ, ಮೆಟ್ಟಿಲಿನಲ್ಲಿ. ಹಮೀದನ ಹಾಲಿನ ಪುಡಿಯನ್ನೂ ಅವನ ಉಮ್ಮನ ಖರ್ಜೂರವನ್ನೂ ಮುಂದಿನ ವಾರ ಹೊರಟವರ ಕೈಯಲ್ಲಿ ಕಳುಹಿಸಿದೆವು. ಖರ್ಜೂರದ ಪೆಟ್ಟಿಗೆ ಅರ್ಧ ಕಿಲೋ ಕಡಿಮೆ ಇತ್ತಂತೆ. ಅದು ಎಲ್ಲಿ ಹೋಯಿತೆಂದು ಈ ಸಲ ಯಾರೂ ಫೋನು ಮಾಡಿ ಕೇಳಲಿಲ್ಲ.