ಶೀನ ಕ್ಲೀನರನ್ನು ಕಿತ್ತೆಸೆದದ್ದು

ಬಿಟ್ಟಿಯಾಗಿ ಸಿಕ್ಕಿದ್ದನ್ನು ಬಿಡುವುದು ಶೀನನ ಜಾಯಮಾನದಲ್ಲೇ ಇರಲಿಲ್ಲ. ಈ ಇಡೀ ರಾಮಾಯಣಕ್ಕೆ ಅದೇ ಮೂಲ.

ತಮಿಳು ಸೀಮೆಯ ಅಡ್ಯಾರಿನಲ್ಲಿ ಭೋಜರಾಜ ಶೆಟ್ಟರದೊಂದು ಸಸ್ಯಾಹಾರಿ ಹೋಟೆಲು. ಅದರ ಕ್ಯಾಶ್ ಕೌಂಟರಿನಲ್ಲಿ ಕೂರುವವನು ಶೀನ. ಬಿಲ್ಲು ಹೊಡೆಯುವ ಕಂಪ್ಯೂಟರು ಕೆಲವು ದಿನಗಳಿಂದ ಎತ್ತಿನಗಾಡಿಯ ವೇಗಕ್ಕೆ ಇಳಿದಿತ್ತು. ನಿನ್ನೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪರದೆಯ ಮೂಲೆಯಲ್ಲಿ ಹಸಿರು ಗುಂಡಿಯೊಂದು ಮಿನುಗಿತು. ಕಂಪ್ಯೂಟರಿನ ಕಸವನ್ನೆಲ್ಲ ಗುಡಿಸಿ ಹಾಕುವ ಕ್ಲೀನರ್, ಪೂರ್ತಿ ಉಚಿತ ಎಂದು ಬರೆದಿತ್ತು. ಉಚಿತ ಎಂದ ಮೇಲೆ ಶೀನ ಹಿಂದೆಮುಂದೆ ನೋಡಿಯಾನೆ? ಒತ್ತಿಯೇಬಿಟ್ಟ.

ಇವತ್ತು ಬೆಳಿಗ್ಗೆ ಮೊದಲ ಇಡ್ಲಿ ವಡೆಯ ಬಿಲ್ಲು ಹೊಡೆದರೆ ಬಿಲ್ಲು ಬರಲಿಲ್ಲ. ಪರದೆ ಕೆಂಪಾಯಿತು. ‘ನಿಮ್ಮ ಕಂಪ್ಯೂಟರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ದೋಷಗಳಿವೆ, ಕೂಡಲೇ ಹಣ ಕಟ್ಟಿ ಸರಿಪಡಿಸಿಕೊಳ್ಳಿ’ ಎಂಬ ಕಿಟಕಿ ತೆರೆದುಕೊಂಡಿತು. ಜೊತೆಗೆ ಅಂಗಡಿಬೀದಿಯ ಕೊನೆಯವರೆಗೂ ಕೇಳುವಂಥ ಸೈರನ್ನು.

“ಎನ್ನಪ್ಪಾ, ಇದು ಹೋಟೆಲಾ, ಫೈರ್ ಸ್ಟೇಷನಾ?” ಎಂದು ಗಿರಾಕಿಯೊಬ್ಬರು ಕಿವಿ ಮುಚ್ಚಿಕೊಂಡರು.

ಬೇರೆ ದಿನವಾಗಿದ್ದರೆ ಶೀನನೂ ನಕ್ಕುಬಿಡುತ್ತಿದ್ದ. ಆದರೆ ಇವತ್ತು ಸಂಜೆ ಶೆಟ್ಟರು ಬರುವವರಿದ್ದರು. ಪಟ್ಟಣದ ಇನ್ನೊಂದು ತುದಿಯ ಎಣ್ಣೂರಿನಲ್ಲಿ ಅವರ ಹೊಸ ಶಾಖೆ ತಯಾರಾಗಿತ್ತು, ಅದರ ಮ್ಯಾನೇಜರು ಯಾರೆಂದು ಇವತ್ತೇ ಹೇಳುವುದಿತ್ತು. ಮ್ಯಾನೇಜರಿಗೆ ಹೋಟೆಲಿನ ಮೇಲ್ಗಡೆ ಎರಡು ಕೋಣೆಯ ಮನೆ. ಸದ್ಯಕ್ಕೆ ಶೀನ ಹೆಂಡತಿ ಭಾವನಾಳ ಜೊತೆ ಭಾವಮೈದ ಸೂರಜನ ಮನೆಯ ಹಜಾರದಲ್ಲಿ ಮಲಗುತ್ತಿದ್ದ. ಭಾವನಾ ಆಗಲೇ ಎಣ್ಣೂರಿನ ಕಿಟಕಿಗಳಿಗೆ ಪರದೆ ಹೊಲಿಸಿ ಇಟ್ಟಿದ್ದಳು. ಕಂಡಕಂಡದ್ದನ್ನು ಒತ್ತಿ ಬಿಲ್ಲಿನ ಯಂತ್ರವನ್ನೇ ಕೆಡಿಸಿದವನೆಂದು ಗೊತ್ತಾದರೆ ಎಣ್ಣೂರು ಹಾಗಿರಲಿ, ಅಡ್ಯಾರಿನ ಈ ಕುರ್ಚಿಯೂ ಉಳಿಯುವ ಭರವಸೆ ಇರಲಿಲ್ಲ.

‘ಧಣಿಗಳು ಬರುವ ಮೊದಲು ಇದನ್ನು ತೆಗೆಯದಿದ್ದರೆ ನಾನು ಶೀನನೇ ಅಲ್ಲ. ಅಲ್ಲಿಯವರೆಗೆ ಕಾಫಿ ಮುಟ್ಟುವುದಿಲ್ಲ’ ಎಂದು ಅವನು ಮನಸ್ಸಿನಲ್ಲೇ ಶಪಥ ಮಾಡಿದ. ದಿನಕ್ಕೆ ಎಂಟು ಲೋಟ ಕುಡಿಯುವವನ ಶಪಥ ಅದು, ಹುಡುಗಾಟವಲ್ಲ.

ಸೂರಜ್ ಕಂಪ್ಯೂಟರು ರಿಪೇರಿ ಮಾಡುವ ಕಂಪನಿಯೊಂದರಲ್ಲಿದ್ದ. ಭಾವ ಎಣ್ಣೂರಿಗೆ ಹೋದರೆ ತನ್ನ ಹಜಾರ ತನಗೆ ವಾಪಸು ಸಿಗುವುದೆಂಬ ಆಸೆಯಿಂದ, ಎಷ್ಟು ಸಲ ಫೋನು ಮಾಡಿದರೂ ಎತ್ತುತ್ತಿದ್ದ.

“ಭಾವ, ಮೊದಲು ಅದು ಅಸಲಿಯಾ ನಕಲಿಯಾ ನೋಡುವ. ನಿಮ್ಮ ಹಳೆ ಫೋಟೋ, ಕಸಕಡ್ಡಿ ಎಲ್ಲ ಅಳಿಸಿ. ದೋಷ ಎಷ್ಟು ತೋರಿಸ್ತದೆ?”

ಶೀನ ಎಲ್ಲ ಅಳಿಸಿ ನೋಡಿದ. “ಅಷ್ಟೇ ಉಂಟು ಮಾರಾಯ. ಒಂದು ಸಹ ಕಮ್ಮಿ ಆಗ್ಲಿಲ್ಲ.”

“ಹಾಂ! ಹುಡುಕುದೇ ಇಲ್ಲ ಅದು, ಸುಮ್ಮನೆ ಒಂದು ನಂಬರು ತೋರಿಸುದು. ಹೆದರಿಸುದು, ದುಡ್ಡು ಕೇಳುದು, ಒಳಗಿನ ಸುದ್ದಿ ಹೊರಗೆ ಕಳಿಸುದು, ಮುಚ್ಚಿದ್ರೆ ಮುಚ್ಚದೇ ಇರುದು. ನಕಲಿಯೇ!”

ಹೋಟೆಲಿನ ಗದ್ದಲದಲ್ಲಿ ಫೋನು ಸರಿಯಾಗಿ ಕೇಳುತ್ತಿರಲಿಲ್ಲ. ಹಾಗಾಗಿ ಶೀನ ಗಂಟಲು ಹರಿಯುವಂತೆ ಕೂಗಿದ, “ಗೊತ್ತಾಯ್ತು ಬಿಡು! ನಕಲಿ ಕ್ಲೀನರ್! ಧಣಿಗಳು ಬರುವ ಮೊದಲು ಬೇರುಸಮೇತ ಕಿತ್ತು ಬಿಸಾಡ್ತೇನೆ!”

ಪಕ್ಕದಲ್ಲಿ ಠಣಾರನೆ ಒಂದು ಲೋಟ ಬಿತ್ತು. ಟೇಬಲು ಒರೆಸುವ ಕ್ಲೀನರ್ ಬಾಬುವಿನ ಕೈಯಿಂದ ಜಾರಿತ್ತು. ಬಾಬು ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ಶೆಟ್ಟರೇ ಊರಿನಿಂದ ಕಳಿಸಿದ ಆಸಾಮಿ. ಒರೆಸುವ ಬಟ್ಟೆಯನ್ನು ಎರಡೇ ಬೆರಳಿನಲ್ಲಿ ಹಿಡಿಯುವಷ್ಟು ನಾಜೂಕು.

ಅವನು ಮೆಲ್ಲನೆ ಕೌಂಟರಿನ ಹತ್ತಿರ ಬಂದ. “ಶೀನಣ್ಣ, ನಕಲಿ ಅಂತ ನಿಮಗೆ ಯಾರು ಹೇಳಿದ್ದು?”

“ಯಾರಾದ್ರೂ ಹೇಳ್ಬೇಕಾ? ಕೆಲಸ ನೋಡಿದ್ರೆ ಗೊತ್ತಾಗುದಿಲ್ವಾ?” ಶೀನ ಪರದೆಯಿಂದ ಕಣ್ಣು ಕೀಳಲಿಲ್ಲ. ಬಾಬು ಮುಖ ಸಪ್ಪಗೆ ಮಾಡಿಕೊಂಡು ಹೋದ.

ಅಷ್ಟರಲ್ಲಿ ಲೀಲಮ್ಮ ಬಂದರು. ವಿಮಾ ಕಚೇರಿಯಿಂದ ನಿವೃತ್ತರಾದ ಮೈಸೂರು ಕಡೆಯವರು. ದಿನಾ ಒಂದು ರವೆ ದೋಸೆ ತಿಂದು ಎರಡು ದೋಸೆಯಷ್ಟು ಸಲಹೆ ಕೊಟ್ಟು ಹೋಗುವುದು ಅವರ ರೂಢಿ.

“ಅಲ್ಲ ಕಣೋ ಶೀನ, ಫೋನ್ ನಂಬರ್ರೂ ಕೊಟ್ಟಿದಾರಲ್ಲೋ ಪಾಪ! ಕೇಳಿಬಿಡೋಣ ಇರು” ಎಂದವರೇ ಪರದೆಯ ಮೇಲಿದ್ದ ನಂಬರಿಗೆ ತಮ್ಮ ಫೋನಿನಿಂದಲೇ ಕರೆ ಮಾಡಿಬಿಟ್ಟರು. ಅತ್ತಲಿಂದ ಜೇನಿನಂಥ ದನಿಯೊಂದು, ಕಂಪ್ಯೂಟರಿನ ಒಳಗೆ ಬರಲು ದಾರಿ ಬಿಡಿ, ನಾವೇ ಸರಿಮಾಡುತ್ತೇವೆ, ಬ್ಯಾಂಕಿನ ಕಾರ್ಡು ಕೈಯಲ್ಲಿಟ್ಟುಕೊಳ್ಳಿ ಎಂದಿತು. ಲೀಲಮ್ಮ ಆಗಲೇ ಪರ್ಸಿನ ಜಿಪ್ಪು ಎಳೆದಿದ್ದರು. ಶೀನ ಕೌಂಟರಿನ ಮೇಲಿಂದ ಬಾಗಿ ಫೋನು ಕಿತ್ತುಕೊಂಡು ಕರೆ ಕತ್ತರಿಸಿದ.

“ಎಷ್ಟು ಮರ್ಯಾದೆಯಾಗಿ ಮಾತಾಡ್ತಿದ್ರು!” ಲೀಲಮ್ಮ ಸಿಡುಕಿದರು.

“ಮರ್ಯಾದೆಯಲ್ಲೇ ಬೋಳಿಸುದು ಲೀಲಮ್ಮ” ಎಂದ ಶೀನ.

ಸೈರನ್ನು ಕೇಳಿ ದೋಸೆ ಮಾಸ್ಟರ್ ಐತ ಅಡುಗೆಮನೆಯಿಂದ ನಿಂಬೆಹಣ್ಣು ಹಿಡಿದು ಓಡಿ ಬಂದ. “ಇದು ದೃಷ್ಟಿ ಮಾರ್ರೆ! ಎದುರಿನ ಹೋಟೆಲಿನವರದ್ದೇ ಕಣ್ಣು” ಎನ್ನುತ್ತ, ಬೇಡ ಬೇಡ ಎನ್ನುವಷ್ಟರಲ್ಲಿ ನಿಂಬೆಯನ್ನು ಕಂಪ್ಯೂಟರಿಗೆ ನಿವಾಳಿಸಿ, ಹೆಚ್ಚಿ, ಅಲ್ಲೇ ಹಿಂಡಿದ. ರಸವೆಲ್ಲ ಕೀಬೋರ್ಡಿನ ಒಳಗೆ ಇಳಿಯಿತು. ದೊಡ್ಡ ಗುಂಡಿಯೊಂದು ಒತ್ತಿಕೊಂಡಲ್ಲೇ ಅಂಟಿಕೊಂಡು, ಬಂದ ಕಿಟಕಿಗೆಲ್ಲ ‘ಆಗಲಿ, ಆಗಲಿ’ ಎಂದು ಒಪ್ಪಿಗೆ ಕೊಡತೊಡಗಿತು. ಒಂದು ಕಿಟಕಿ ಇದ್ದಲ್ಲಿ ನಿಮಿಷದೊಳಗೆ ಮೂವತ್ತಾದವು. ಶೀನನಿಗೆ ಅಳು ಬಂತು. ಆದರೂ ಕೀಬೋರ್ಡಿನ ವಯರು ಕಿತ್ತು ಪಕ್ಕಕ್ಕಿಟ್ಟು, ಇನ್ನು ಮೌಸೊಂದರಲ್ಲೇ ಕಾದಾಡುವುದೆಂದು ಕಚ್ಚೆ ಕಟ್ಟಿದ.

ಒಂದು ಕೈಯಲ್ಲಿ ಚೀಟಿಯ ಮೇಲೆ ಬಿಲ್ಲು ಬರೆಯುವುದು, ಇನ್ನೊಂದು ಕೈಯಲ್ಲಿ ಮೌಸು, ಕಿವಿ ಮತ್ತು ಹೆಗಲಿನ ನಡುವೆ ಸೂರಜ್. ಪೂರಿ ತಿಂದವರಿಗೆ ಪೊಂಗಲಿನ ಬಿಲ್ಲು ಹೋಯಿತು.

ಸೂರಜ್ ಹೇಳಿದಂತೆ ಅವನು ಕಂಪ್ಯೂಟರಿನಲ್ಲಿರುವ ತಂತ್ರಾಂಶಗಳ ಪಟ್ಟಿ ತೆರೆದು, ನಿನ್ನೆಯ ತಾರೀಕಿನದನ್ನು ಹುಡುಕಿ, ತೆಗೆದುಹಾಕು ಎಂದು ಒತ್ತಿದ. ‘ತೆಗೆದರೆ ಅಪಾಯ! ನನ್ನನ್ನು ಇಟ್ಟುಕೊಳ್ಳಿ’ ಎಂಬ ಗುಂಡಿ ಅಂಗೈಯಗಲ ಕಾಣಿಸಿತು. ‘ಬೇಡ, ಹೋಗು’ ಎಂಬುದು ಸಾಸಿವೆಯಷ್ಟು ಚಿಕ್ಕದಾಗಿ ಕೆಳಗೆಲ್ಲೋ ಅಡಗಿತ್ತು. ಶೀನ ಮೂಗನ್ನು ಪರದೆಗೆ ತಾಗಿಸಿ ಸಾಸಿವೆಯನ್ನೇ ಒತ್ತಿದ. ಹೋಯಿತು! ಕಂಪ್ಯೂಟರನ್ನು ಆರಿಸಿ ಹಾಕಿದ. ಮತ್ತೆ ಸೈರನ್ನು.

“ಹೋಗುವಾಗ ಬಾಲ ಬಿಟ್ಟು ಹೋಗಿದೆ ಭಾವ. ಕಂಪ್ಯೂಟರು ಶುರುವಾಗುವಾಗ ತನ್ನಷ್ಟಕ್ಕೆ ಏಳುವುದು ಯಾವುದೆಲ್ಲ ಉಂಟು ನೋಡಿ, ಅಲ್ಲಿಂದಲೂ ತೆಗೀರಿ. ಬ್ರೌಸರಿನಲ್ಲಿ ಅದಕ್ಕೆ ಸೂಚನೆ ಕಳಿಸ್ಲಿಕ್ಕೆ ಒಪ್ಪಿಗೆ ಕೊಟ್ಟಿದ್ದೀರಿ, ಅದನ್ನು ರದ್ದು ಮಾಡಿ. ನಿನ್ನೆ ಇಳಿಸಿಕೊಂಡ ಫೈಲನ್ನೂ ಅಳಿಸಿ. ಆಮೇಲೆ ಕಂಪ್ಯೂಟರಿನದ್ದೇ ವೈರಸ್ ಪರೀಕ್ಷೆ ಉಂಟಲ್ಲ, ಅದನ್ನು ಪೂರ್ತಿ ಓಡಿಸಿ. ಅರ್ಧದಲ್ಲಿ ಬಿಡ್ಬೇಡಿ.”

ಶೀನ ಬಿಡುವವನೇ ಅಲ್ಲ. ಊಟದ ಹೊತ್ತಿನಲ್ಲಿ ಐತ ಬಂದು, “ಶೀನಣ್ಣ, ಬಾಬು ಒರೆಸುವ ಬಟ್ಟೆ ಬಿಸಾಡಿ ಎಲ್ಲಿಗೋ ಹೋದ” ಎಂದರೂ ತಲೆ ಎತ್ತಲಿಲ್ಲ.

“ಹೋಗ್ಲಿ. ನನಗೀಗ ಇರುದು ಒಂದೇ ತಲೆಬಿಸಿ.”

ಮೂರನೆಯ ಸಲ ಆರಿಸಿ ಹಾಕಿದಾಗ ಪರದೆ ಶಾಂತವಾಗಿತ್ತು. ಹೊಸ ಕೀಬೋರ್ಡು ತರಿಸಿ ಬಿಲ್ಲು ಹೊಡೆದ. ಬಿಲ್ಲು ಗರಗರ ಎಂದು ಬಂತು. ವೈರಸ್ ಪರೀಕ್ಷೆಯೂ ಮುಗಿದು, ಏನೂ ಇಲ್ಲ ಎಂದಿತು. ಶೀನ ಎದ್ದು ನಿಂತು ಯುದ್ಧ ಗೆದ್ದವನಂತೆ ಕಾಫಿ ತರಿಸಿದ. ಲೋಟ ತುಟಿಗೆ ತಾಗುವುದಕ್ಕೂ ಶೆಟ್ಟರ ಕಾರು ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು.

ಶೆಟ್ಟರು ನೇರವಾಗಿ ಕೌಂಟರಿಗೆ ಬಂದರು. “ಶೀನ, ನೀನು ಇವತ್ತು ನಕಲಿ ಕ್ಲೀನರನ್ನು ಹಿಡಿದಿಯಂತೆ. ಹೌದಾ?”

ಶೀನ ಕಾಫಿ ಲೋಟವನ್ನು ಕೆಳಗಿಟ್ಟ. ಯಾರೋ ಚಾಡಿ ಹೇಳಿದ್ದಾರೆ. ಹಾಕಿದವನು ಯಾರೆಂಬುದೊಂದನ್ನು ಬಿಟ್ಟು ಉಳಿದದ್ದನ್ನು ಒಪ್ಪಿಕೊಳ್ಳುವುದೇ ವಾಸಿ ಎನ್ನಿಸಿತು.

“ಹೌದು ಧಣಿ.”

“ಹೇಗೆ ಗೊತ್ತಾಯ್ತು ನಿನಗೆ?”

“ನಾವು ಕರೆಯದೆ ಬಂದು ಕೂತದ್ದು ಧಣಿ. ಕ್ಲೀನ್ ಮಾಡುದು ಅಂತ ಹೆಸರು ಮಾತ್ರ, ಮಾಡಿದ್ದು ಎಂತ ಸಹ ಇಲ್ಲ. ಹೊತ್ತುಗೊತ್ತಿಲ್ಲದೆ ನಮ್ಮ ತಪ್ಪು ಲೆಕ್ಕ ಹಾಕುದೇ ಕೆಲಸ. ಮತ್ತೆ ಒಳಗಿನ ಸುದ್ದಿ ಎಲ್ಲ ಗುಟ್ಟಿನಲ್ಲಿ ಹೊರಗೆ ಕಳಿಸುದು.”

ಶೆಟ್ಟರು ಕಣ್ಣರಳಿಸಿ ಅವನನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು. “ನನಗೆ ಸುದ್ದಿ ಕಳಿಸುದು ಸಹ ಗೊತ್ತಾಯ್ತಾ! ಶ್ರೀಶಾ, ಬಾ ಮಾರಾಯ, ಇನ್ನು ಅಡಗಿ ಪ್ರಯೋಜನ ಇಲ್ಲ.”

ಕಾರಿನಿಂದ ಇಸ್ತ್ರಿ ಮಾಡಿದ ಶರಟು ತೊಟ್ಟ ಯುವಕನೊಬ್ಬ ಇಳಿದು ಬಂದ. ಬಾಬು!

“ನನ್ನ ತಂಗಿ ರತ್ನಾವತಿಯ ಮಗ, ಶ್ರೀಶ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವ. ನಮ್ಮಲ್ಲಿ ಟೇಬಲ್ ಒರೆಸದೆ ಯಾರೂ ಗಲ್ಲಾಪೆಟ್ಟಿಗೆ ಮುಟ್ಟುವ ಕ್ರಮ ಇಲ್ಲ ನೋಡು. ಅದಕ್ಕೆ ಹೆಸರು ಬದಲಿಸಿ ನಾನೇ ಇಲ್ಲಿ ಹಾಕಿದ್ದು. ಇನ್ನೊಂದು ವರ್ಷ ಒರೆಸಲಿ ಅಂತಿದ್ದೆ. ನೀನು ತಿಂಗಳೊಳಗೆ ಹಿಡಿದುಬಿಟ್ಟೆ!”

ಶೀನ ಒಮ್ಮೆ ಶ್ರೀಶನನ್ನೂ ಒಮ್ಮೆ ಕಂಪ್ಯೂಟರನ್ನೂ ನೋಡಿದ.

“ನಿಜ ಹೇಳ್ತೇನೆ, ಎಣ್ಣೂರಿಗೆ ನಿನ್ನನ್ನೇ ಕಳಿಸುದು ಅಂತ ಇದ್ದೆ” ಶೆಟ್ಟರು ಅವನ ಹೆಗಲು ತಟ್ಟಿದರು. “ಆದರೆ ಇಂಥ ಕಣ್ಣಿನವನನ್ನು ಈ ಕೌಂಟರಿನಿಂದ ಎಬ್ಬಿಸಿದ್ರೆ ನನ್ನಂಥ ಪೆದ್ದ ಇನ್ನೊಬ್ಬ ಉಂಟಾ? ನೀನು ಇಲ್ಲೇ ಇರ್ಬೇಕು, ಯಾವಾಗಲೂ. ಹೇಗೂ ಗುಟ್ಟು ರಟ್ಟಾಯ್ತು, ಎಣ್ಣೂರಿಗೆ ಶ್ರೀಶನೇ ಹೋಗ್ಲಿ.”

ಶೀನ ಬಾಯಿ ತೆರೆದ. ‘ಆ ಕ್ಲೀನರು ಬೇರೆ ಧಣಿ, ಅದನ್ನು ಹಾಕಿಕೊಂಡ ಪೆದ್ದ ನಾನೇ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಎಣ್ಣೂರು ಸಿಗುವುದಿಲ್ಲ, ಅಡ್ಯಾರೂ ಹೋಗುತ್ತದೆ. ತೆರೆದ ಬಾಯನ್ನು ಹಾಗೇ ಮುಚ್ಚಿದ.

“ನಿಮ್ಮ ದೊಡ್ಡ ಮನಸ್ಸು ಧಣಿ” ಎಂದ.

ಸಂಜೆಯ ಕಾಫಿಗೆ ಬಂದು ಕೂತಿದ್ದ ಲೀಲಮ್ಮ ಸುಮ್ಮನಿರುವವರೇ? “ಅದೆಲ್ಲ ಸರಿ, ನನ್ನ ಟೇಬಲ್ ಒರೆಸೋರು ಯಾರು ಇನ್ಮೇಲೆ?”

“ಹೌದಲ್ಲ!” ಎಂದರು ಶೆಟ್ಟರು. “ಶೀನ, ಹೊಸ ಕ್ಲೀನರನ್ನು ನೀನೇ ಪರೀಕ್ಷೆ ಮಾಡಿ ಆರಿಸು. ಅಸಲಿ ಸಿಗುವವರೆಗೆ ಸ್ವಲ್ಪ ನೀನೇ ಒರೆಸಿಕೋ.”

ಎಣ್ಣೂರಿನ ಹೊಸ ಮ್ಯಾನೇಜರು ಶ್ರೀಶ ಮೂಲೆಯ ಬಕೆಟ್ಟಿನಿಂದ ಬಟ್ಟೆಯನ್ನು ಎರಡು ಬೆರಳಿನಲ್ಲಿ ಎತ್ತಿ ಶೀನನ ಕೈಗೆ ಕೊಟ್ಟ.

“ಚೆನ್ನಾಗಿ ಹಿಂಡಿ ಶೀನಣ್ಣ. ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಗಿರಾಕಿಗಳಿಗೆ ಆಗುದಿಲ್ಲ.”

ಶೀನ ಹಿಂಡಿದ.